ಬಹುಮಾನದ ಪುಸ್ತಕ ಓದಲು ಬಾರದ ಹುಡುಗನ ಪರವಾಗಿ

ಗೆ,
ಅಧ್ಯಕ್ಷರು ಮತ್ತು ಶಿಕ್ಷಣ ಸಮಿತಿಯ ಎಲ್ಲ ಸದಸ್ಯರು,
ನಮ್ಮ ಕನ್ನಡ ಸಂಘ, ಮುಂಬಯಿ

ಮಾನ್ಯರೇ, ನಮಸ್ಕಾರ.

ಸಂಘದ ಹೆಸರು ಬರೆಯುತ್ತಿಲ್ಲ. ಓದಿದ ಕೂಡಲೇ ನಿಮಗೆ ಗೊತ್ತಾಗುತ್ತದೆ. ಉಳಿದವರಿಗೆ ಗೊತ್ತಾಗಬೇಕು ಅಂತೇನೂ ಇಲ್ಲ. ಸಂಘದ ಕನ್ನಡ ಶಾಲೆಯಲ್ಲಿ ಓದಲು ಬಾರದ ಮಕ್ಕಳ ವಿಷಯಕ್ಕೆ ಎರಡು ಸಲ ಕಾಗದ ಕೊಟ್ಟಿದ್ದೆ. ಒಂದು ಸಲ ಕಾರ್ಯದರ್ಶಿಗಳ ಮನೆಗೇ ಬಂದಿದ್ದೆ. ಚಹಾ ಸಿಕ್ಕಿತು, ಉತ್ತರ ಸಿಗಲಿಲ್ಲ. ಅದಕ್ಕೇ ಈಗ ಎಲ್ಲರ ಎದುರು ಬರೆಯುತ್ತಿದ್ದೇನೆ.

ಕಳೆದ ರಾಜ್ಯೋತ್ಸವ ನಿಮಗೆ ನೆನಪಿರಬೇಕು. ಐದನೇ ಕ್ಲಾಸಿನ ಒಬ್ಬ ಹುಡುಗ ಮೈಕಿನ ಮುಂದೆ ನಿಂತು ಮೂರು ನಿಮಿಷ ಭಾಷಣ ಮಾಡಿದ. ಕದಂಬರಿಂದ ಶುರು ಮಾಡಿ 1956ರ ಏಕೀಕರಣದ ತನಕ, ಎಲ್ಲೂ ತಡವರಿಸಲಿಲ್ಲ. ಸಭೆ ಪೂರ್ತಿ ಚಪ್ಪಾಳೆ. ಅಧ್ಯಕ್ಷರೇ, ನೀವೇ ಅವನ ಬೆನ್ನು ತಟ್ಟಿ, ಬಣ್ಣದ ಕಾಗದ ಸುತ್ತಿದ ಒಂದು ಕಥೆ ಪುಸ್ತಕ ಕೊಟ್ಟಿರಿ. ಕಾರ್ಯಕ್ರಮ ಮುಗಿದು ಎಲ್ಲರೂ ಉಪ್ಪಿಟ್ಟು ಶಿರಾದ ಸಾಲಿನಲ್ಲಿ ನಿಂತಿದ್ದಾಗ ಅವನು ಮೆಟ್ಟಿಲ ಹತ್ತಿರ ಬಂದು ನನ್ನ ದುಪಟ್ಟಾ ಎಳೆದ. ಕಾಗದ ಬಿಚ್ಚಿಯಾಗಿತ್ತು. "ಟೀಚರ್, ಇದರ ಹೆಸರು ಏನೈತ್ರಿ?" ಅಂತ ಕೇಳಿದ. ಮುಖಪುಟದ ಮೇಲೆ ದಪ್ಪ ಅಕ್ಷರದಲ್ಲಿ ಎರಡೇ ಪದ ಇದ್ದವು.

ಭಾಷಣ ಅವನ ಅಕ್ಕ ಬಾಯಿಪಾಠ ಮಾಡಿಸಿದ್ದು.

ನಾನು ನಿಮ್ಮ ಶಾಲೆಯ ಟೀಚರ್ ಅಲ್ಲ, ಹಳೆಯ ವಿದ್ಯಾರ್ಥಿನಿ. ಏಳನೇ ಕ್ಲಾಸಿನ ತನಕ ಇದೇ ಕಟ್ಟಡದಲ್ಲಿ ಕಲಿತವಳು. ಆಮೇಲೆ ಆರು ವರ್ಷ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯ ರಿಸೋರ್ಸ್ ರೂಮಿನಲ್ಲಿ ಸಹಾಯಕಿಯಾಗಿದ್ದೆ. ಓದಲು ಕಷ್ಟಪಡುವ ಮಕ್ಕಳಿಗೆ ಹೇಗೆ ಕಲಿಸುತ್ತಾರೆ ಅನ್ನುವುದನ್ನು ಅಲ್ಲೇ ನೋಡಿ, ಮಾಡಿ ಕಲಿತೆ. ಈಗ ಸಂಜೆ ಹೊತ್ತು ಮನೆಯಲ್ಲಿ ನಾಲ್ಕಾರು ಮಕ್ಕಳನ್ನು ಕೂರಿಸಿಕೊಳ್ಳುತ್ತೇನೆ. ಆ ಹುಡುಗನನ್ನೂ ಮರುದಿನದಿಂದ ಬರಲು ಹೇಳಿದೆ.

ಮೊದಲ ದಿನ ಅವನು ತನ್ನ ಕನ್ನಡ ಪಟ್ಟಿ, ಅಂದರೆ ನೋಟ್ ಬುಕ್ಕು, ತಂದಿದ್ದ. ಎಂಥ ಚೆಂದದ ಅಕ್ಷರ! ಮುತ್ತು ಪೋಣಿಸಿದ ಹಾಗೆ. ಪುಟ ಪುಟಕ್ಕೂ ಕೆಂಪು ಪೆನ್ನಿನಲ್ಲಿ 'ಉತ್ತಮ'. ಯಾವುದಾದರೂ ಒಂದು ಸಾಲು ಓದು ಮಗಾ ಅಂದೆ. ಸುಮ್ನೆ ಕೂತ. ಬೋರ್ಡಿನ ಮೇಲಿದ್ದದ್ದನ್ನು ರಂಗೋಲಿ ನೋಡಿ ರಂಗೋಲಿ ಹಾಕುವ ಹಾಗೆ ಇಳಿಸಿಕೊಂಡಿದ್ದ, ಅಷ್ಟೇ. ಆ 'ಉತ್ತಮ' ಅನ್ನುವ ಮೂರು ಅಕ್ಷರವನ್ನೂ ಅವನು ಓದಲಿಲ್ಲ.

ಆಮೇಲೆ ಒಂದನೇ ಎರಡನೇ ಕ್ಲಾಸಿನ ಪುಸ್ತಕ ಇಟ್ಟುಕೊಂಡು ಒಂದೊಂದೇ ಪದ ತೋರಿಸುತ್ತಾ ಹೋದೆ. 'ಗರಗಸ' ಓದಿದ. 'ಹೂವು' ಬಂದಾಗ 'ಹೂಮ' ಅಂದ. ತಪ್ಪು ಅನ್ನುವ ಮೊದಲು ನೀವೂ ಒಮ್ಮೆ ಕಣ್ಣು ಕಿರಿದು ಮಾಡಿ ನೋಡಿ, 'ವು'ಗೂ 'ಮ'ಗೂ ಎಷ್ಟು ವ್ಯತ್ಯಾಸ ಇದೆ ಅಂತ. 'ಬೇಳೆ' ಅಂದರೂ 'ಬೆಳೆ' ಅಂದರೂ ಅವನಿಗೆ ಒಂದೇ. 'ಅಕ್ಕ' ಓದಲು ಹೇಳಿದರೆ 'ಅಕ'. ಎಮ್ಮೆಯ ಚಿತ್ರದ ಕೆಳಗೆ 'ಎಮ್ಮೆ' ಅಂತಿದ್ದರೆ, ಚಿತ್ರ ನೋಡಿ 'ಆಕಳ' ಅಂದ. 'ಸೂರ್ಯ' ಅನ್ನುವಲ್ಲಿ ಸ್ವಲ್ಪ ಹೊತ್ತು ನಿಂತು, "ಸೂಯ... ಒಂಬತ್ತು?" ಅಂತ ನನ್ನ ಮುಖ ನೋಡಿದ. ನಗು ಬಂತು, ತಡೆದುಕೊಂಡೆ. ಅರ್ಕಾವೊತ್ತು ನೋಡಲು ಕನ್ನಡದ ಒಂಬತ್ತೇ ಅಲ್ವಾ? ಅದು ಹಾಗಲ್ಲ ಅಂತ ಐದು ವರ್ಷದಲ್ಲಿ ಅವನಿಗೆ ಯಾರೂ ಹೇಳಿರಲಿಲ್ಲ.

ಇವು ದಡ್ಡನ ತಪ್ಪುಗಳಲ್ಲ. ಒಂದೊಂದು ತಪ್ಪಿಗೂ ಒಂದು ಕಾರಣ ಇದೆ, ಆ ಕಾರಣವೇ ಮುಂದೆ ಏನು ಕಲಿಸಬೇಕು ಅಂತ ಹೇಳಿಕೊಡುತ್ತದೆ. ಆದರೆ ಶಾಲೆಯಿಂದ ಅವನ ತಾಯಿಗೆ ಹೋದ ಮಾತು ಬೇರೆ. ಆಕೆ ಯಾದಗಿರಿ ಕಡೆಯವರು, ಕಟ್ಟಡ ಕೆಲಸ. ನನ್ನ ಬಾಗಿಲಲ್ಲಿ ನಿಂತು, "ನಾವು ಕಲತವರಲ್ರಿ ಅಕ್ಕಾರ. ಅವನ ತಲಿಗೆ ಹತ್ತಂಗಿಲ್ಲ ಅಂತ ಸಾಲ್ಯಾಗ ಹೇಳ್ಯಾರ. ಬ್ಯಾರೆ ಸಾಲಿಗೆ ಹಾಕ್ರಿ ಅಂದಾರ" ಅಂದರು. ಬೇರೆ ಯಾವ ಶಾಲೆ? ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ, ಕ್ಲಾಸಿನಲ್ಲಿ ಮರಾಠಿ ಇಂಗ್ಲಿಷ್ ಎರಡೂ. ಕನ್ನಡವೇ ಓದಲು ಬಾರದವನು ಮರಾಠಿ ಮೀಡಿಯಂಗೆ ಹೋಗಿ ಏನು ಮಾಡಬೇಕು?

ಇಲ್ಲೊಂದು ಮಾತು ಹೇಳಲೇಬೇಕು, ಬೇಜಾರಾದರೆ ಆಗಲಿ. ನಮ್ಮಲ್ಲಿ ಯಾರ ಮಕ್ಕಳು ಈ ಶಾಲೆಯಲ್ಲಿದ್ದಾರೆ? ಸಮಿತಿಯವರದ್ದು ಒಬ್ಬರದ್ದೂ ಇಲ್ಲ. ನನ್ನ ಮಗಳೂ ಇಂಗ್ಲಿಷ್ ಮೀಡಿಯಮ್ಮೇ, ನಾನೇನು ಸಾಚಾ ಅಲ್ಲ. ನಮ್ಮ ಊರ ಕಡೆಯವರು ಒಬ್ಬೊಬ್ಬರೇ ಬಿಟ್ಟು ಹೋದ ಮೇಲೆ ಶಾಲೆಯ ಬೆಂಚು ತುಂಬಿದ್ದು ಯಾದಗಿರಿ, ಕಲಬುರಗಿ, ವಿಜಯಪುರದಿಂದ ದುಡಿಯಲು ಬಂದವರ ಮಕ್ಕಳಿಂದ. ಅವರು ಇಲ್ಲದಿದ್ದರೆ ನಿಮ್ಮ ಪಟ್ಟಿಯಲ್ಲಿ ಸಂಖ್ಯೆ ಇಲ್ಲ. ಮುಂಬಯಿಯಲ್ಲಿ ಕನ್ನಡ ಶಾಲೆಗಳು ಒಂದೊಂದಾಗಿ ಮುಚ್ಚುತ್ತಿವೆ ಅಂತ ಪ್ರತಿ ವೇದಿಕೆಯಲ್ಲೂ ಮರುಗುತ್ತೇವೆ, ಇರುವ ಹುಡುಗನಿಗೆ ಮಾತ್ರ ಬೇರೆ ಶಾಲೆ ನೋಡು ಅನ್ನುತ್ತೇವೆ.

ಕಾರ್ಯದರ್ಶಿಗಳು ಅಂದು ನನಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಹಿಂದೆ ಹೋಟೆಲ್ ಹುಡುಗರು ಹಗಲಿಡೀ ಕಪ್ಪು ಬಸಿ ತೊಳೆದು ರಾತ್ರಿ ಶಾಲೆಯಲ್ಲಿ ಕಲಿಯಲಿಲ್ಲವಾ? ಮನಸ್ಸಿದ್ದವರು ಕಲಿಯುತ್ತಾರೆ." ರಾತ್ರಿ ಶಾಲೆಗಳ ಬಗ್ಗೆ ನನಗೂ ಹೆಮ್ಮೆ ಇದೆ. ಅಲ್ಲಿ ಕಲಿತವರು ವಕೀಲರಾದರು, ಬ್ಯಾಂಕ್ ಸೇರಿದರು, ಸಂಘ ಕಟ್ಟಿದರು. ಕಲಿಯಲಾಗದವರ ಫೋಟೋ ಮಾತ್ರ ಸ್ಮರಣ ಸಂಚಿಕೆಯಲ್ಲಿ ಬರುವುದಿಲ್ಲ. ನನ್ನ ಸೋದರಮಾವ ಇಲ್ಲೇ ಮುಂಬಯಿಯ ಫೋರ್ಟ್ ಕಡೆ ಒಂದು ಹೋಟೆಲಿನಲ್ಲಿದ್ದರು. ನಾಲ್ಕು ವರ್ಷ ರಾತ್ರಿ ಶಾಲೆಗೆ ಹೋದರು. ಕೊನೆಗೆ ಬಂದದ್ದು ಸಹಿ ಮಾತ್ರ. ಆದರೆ ಹನ್ನೆರಡು ಟೇಬಲ್ಲಿನ ಆರ್ಡರ್ ಚೀಟಿ ಇಲ್ಲದೆ ತಲೆಯಲ್ಲಿ ಇಟ್ಟುಕೊಂಡು, ಯಾರಿಗೆ ಸಕ್ಕರೆ ಕಮ್ಮಿ ಯಾರಿಗೆ ಚಟ್ನಿ ಜಾಸ್ತಿ ಅನ್ನುವುದನ್ನೂ ಮರೆಯದೆ, ಬಿಲ್ಲು ಬಾಯಲ್ಲೇ ಕೂಡಿಸಿ ಹೇಳುತ್ತಿದ್ದರು. ಮನೆಯಲ್ಲಿ ಅವರನ್ನು ದಡ್ಡ ಅಂತಲೇ ಕರೆದದ್ದು. ಊರಿಂದ ಕಾಗದ ಬಂದರೆ ಪಕ್ಕದ ರೂಮಿನವರ ಹತ್ತಿರ ಹೋಗಿ, ಕನ್ನಡಕ ಒಡೆದಿದೆ ಸ್ವಲ್ಪ ಓದಿ ಹೇಳಿ ಅನ್ನುತ್ತಿದ್ದರಂತೆ. ಮಾವನಿಗೆ ಕನ್ನಡಕವೇ ಇರಲಿಲ್ಲ.

ಮಾತು ಬರುವುದು ತಾನಾಗಿ. ಓದು ಹಾಗಲ್ಲ, ಅದನ್ನು ಕಲಿಸಬೇಕು. ಕೆಲವು ಮಕ್ಕಳಿಗೆ ಅರ್ಧ ಹೇಳಿದರೆ ಉಳಿದರ್ಧ ತಾವೇ ಜೋಡಿಸಿಕೊಳ್ಳುತ್ತಾರೆ. ಅವರನ್ನು ನೋಡಿಯೇ ನಮ್ಮ ಪಾಠಗಳು ತಯಾರಾಗಿವೆ. ಉಳಿದವರಿಗೆ ಒಂದು ಮೆಟ್ಟಿಲೂ ಬಿಡದೆ ಕೈ ಹಿಡಿದು ಹತ್ತಿಸಬೇಕು. ಅಮೆರಿಕದಲ್ಲಿ 1920ರ ದಶಕದಲ್ಲಿ ಸ್ಯಾಮುಯೆಲ್ ಆರ್ಟನ್ ಅನ್ನುವ ವೈದ್ಯರು, ಒಳ್ಳೆ ಬುದ್ಧಿ ಇದ್ದೂ ಓದಲಾರದ ಮಕ್ಕಳನ್ನು ಗಮನಿಸಿದರು. ಅವರ ಜೊತೆ ಕೆಲಸ ಮಾಡಿದ ಆನಾ ಗಿಲಿಂಗ್‌ಹ್ಯಾಮ್ ಅಂಥ ಮಕ್ಕಳಿಗೆ ಒಂದು ಪಾಠಕ್ರಮ ಕಟ್ಟಿದರು. ಅಲ್ಲಿಂದ ಬೆಳೆದ ವಿಧಾನಗಳಿಗೆಲ್ಲ ಈಗ ಸ್ಟ್ರಕ್ಚರ್ಡ್ ಲಿಟರಸಿ ಅನ್ನುತ್ತಾರೆ. 2014ರಲ್ಲಿ ಅಂತರರಾಷ್ಟ್ರೀಯ ಡಿಸ್ಲೆಕ್ಸಿಯಾ ಸಂಸ್ಥೆ ಬಳಕೆಗೆ ತಂದ ಹೆಸರು ಅದು. ಬುದ್ಧಿ ಇದ್ದೂ ಓದು ಹತ್ತದಿರುವ ತೊಡಕಿಗೇ ಡಿಸ್ಲೆಕ್ಸಿಯಾ ಅನ್ನುವುದು. ಹೆಸರು ದೊಡ್ಡದು, ಕೆಲಸ ಸಣ್ಣದು. ಸುಲಭದ್ದು ಮೊದಲು. ಒಂದು ಗಟ್ಟಿಯಾದ ಮೇಲೆ ಇನ್ನೊಂದು. ಹಳೆಯದನ್ನು ದಿನಾ ತಿರುಗಿ ನೋಡುವುದು. ಚಿತ್ರ ನೋಡಿ ಊಹಿಸಲು ಬಿಡದೆ, ಇರುವ ಅಕ್ಷರವನ್ನೇ ಓದಿಸುವುದು. ಮಗು ಎಲ್ಲಿ ಎಡವಿತು ಅಂತ ಬರೆದಿಟ್ಟುಕೊಂಡು ನಾಳೆ ಅಲ್ಲಿಂದಲೇ ಶುರು ಮಾಡುವುದು. ಕಣ್ಣು, ಕಿವಿ, ಬಾಯಿ, ಕೈ ಎಲ್ಲಕ್ಕೂ ಒಟ್ಟಿಗೆ ಕೆಲಸ ಕೊಡುವುದು. ನಾನು ಸ್ಟೀಲ್ ತಟ್ಟೆಯಲ್ಲಿ ಬಾಂಬೆ ರವೆ ಹರಡಿ ಬೆರಳಿನಿಂದ ಬರೆಸುತ್ತೇನೆ, ಬರೆಯುವಾಗ ಬಾಯಿಬಿಟ್ಟು ಹೇಳಬೇಕು. ಮರಳಿನ ಮೇಲೆ ತಿದ್ದಿಸುವುದು ನಮ್ಮ ಅಜ್ಜಂದಿರ ಐಗಳ ಮಠದಲ್ಲೂ ಇತ್ತು. ಅದರ ಜೊತೆ ಇದ್ದ ಬೆತ್ತ ಮಾತ್ರ ನಮಗೆ ಬೇಡ.

ಇಂಗ್ಲಿಷಿನ ವಿಧಾನವನ್ನು ಹಾಗೇ ಎತ್ತಿ ತಂದರೆ ಕನ್ನಡಕ್ಕೆ ಹೊಂದುವುದಿಲ್ಲ. ಅದು ನನಗೂ ಪೆಟ್ಟು ತಿಂದ ಮೇಲೇ ತಿಳಿದದ್ದು. ಇಂಗ್ಲಿಷಿನಲ್ಲಿ ಅಕ್ಷರ 26, ಆದರೆ ಎಷ್ಟೋ ಅಕ್ಷರಕ್ಕೆ ಒಂದಕ್ಕಿಂತ ಹೆಚ್ಚು ಥರದ ಉಚ್ಚಾರ. ನಮ್ಮಲ್ಲಿ ಬರೆದ ಹಾಗೇ ಓದುತ್ತೇವೆ, ಅದು ನಮ್ಮ ಪುಣ್ಯ. ಆದರೆ ಆಕಾರಗಳ ಲೆಕ್ಕ ಹಾಕಿ ನೋಡಿ. 34 ವ್ಯಂಜನ, ಒಂದೊಂದಕ್ಕೂ 15 ಕಾಗುಣಿತ. ಅಲ್ಲಿಗೇ 510. ಎಲ್ಲವೂ ಬಳಕೆಗೆ ಬರುವುದಿಲ್ಲ, ಸರಿ. ಮೇಲೆ ಒತ್ತಕ್ಷರ ಬೇರೆ. ಕ, ಗ, ದ ಒತ್ತುಗಳು ತಮ್ಮ ಅಕ್ಷರದ ಹಾಗೇ ಕಾಣುತ್ತವೆ. ತ, ನ, ಮ, ಯ, ರ, ಲ ಒತ್ತುಗಳಿಗೆ ಅವುಗಳ ಮುಖವೇ ಇಲ್ಲ. ಅರ್ಕಾವೊತ್ತು ಕಣ್ಣಿಗೆ ಆಮೇಲೆ ಕಾಣುತ್ತದೆ, ಬಾಯಲ್ಲಿ ಮೊದಲು ಬರಬೇಕು. ಇಷ್ಟನ್ನೂ ಒಂದನೇ ಎರಡನೇ ಕ್ಲಾಸಿನಲ್ಲಿ ಮುಗಿಸಿ, ಮೂರನೇ ಕ್ಲಾಸಿನಿಂದ ಪಾಠ, ಪ್ರಶ್ನೆ, ಉತ್ತರ. ಕನ್ನಡ ಮಕ್ಕಳ ಓದನ್ನು ಹತ್ತಿರದಿಂದ ನೋಡಿದ ಸೊನಾಲಿ ನಾಗ್ 2007ರಲ್ಲೇ ಬರೆದಿದ್ದಾರೆ, ಈ ಅಕ್ಷರಗಳ ಪೂರ್ತಿ ಹಿಡಿತ ಬರಲು ಮಕ್ಕಳಿಗೆ ವರ್ಷಗಳೇ ಬೇಕು, ನಾಲ್ಕನೇ ಐದನೇ ಕ್ಲಾಸಿನ ತನಕವೂ ಅದು ನಡೆಯುತ್ತಲೇ ಇರುತ್ತದೆ ಅಂತ. ನಾವು ಎರಡೇ ವರ್ಷಕ್ಕೆ ಗಂಟೆ ಹೊಡೆದುಬಿಡುತ್ತೇವೆ.

ಯಾವುದು ಮೊದಲು ಅನ್ನುವುದರಲ್ಲೇ ಅರ್ಧ ಕೆಲಸ ಇದೆ. ಕರ್ನಾಟಕದ ಶಾಲೆಗಳಲ್ಲಿ ಅ ಆ ಇ ಈ ಬದಲು ರ ಗ ಸ ದ ಅ ಅಂತ ಶುರು ಮಾಡಿಸುವುದನ್ನು ಕೇಳಿರಬಹುದು. ಐದೇ ಅಕ್ಷರ ಬಂದರೆ ಸರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಮೊದಲ ವಾರವೇ ಮಗುವಿಗೆ ತಾನು ಓದಿದೆ ಅನ್ನುವ ಖುಷಿ. ಸ್ವರಚಿಹ್ನೆಯಲ್ಲೂ ಹಾಗೇ. ಏತ್ವವನ್ನೂ (ಕೆ) ಕೊಂಬಿನ ಇಳಿಯನ್ನೂ (ಕೂ) ಗಟ್ಟಿ ಮಾಡಿಸಿದ ಮೇಲೆ ಓತ್ವ (ಕೊ) ತೋರಿಸಿದರೆ ಅದು ಹೊಸದೇ ಅಲ್ಲ, ಆ ಎರಡೂ ಒಟ್ಟಿಗೆ ಕೂತಿರುತ್ತವೆ. ಈ ಗುಟ್ಟು ಹೇಳಿದ ದಿನ ನಮ್ಮ ಹುಡುಗ ಪುಸ್ತಕದ ತುಂಬ ಬೆರಳಿಟ್ಟು, "ಇಲ್ಲೂ ಐತಿ, ಇಲ್ಲೂ ಐತಿ" ಅಂತ ಹುಡುಕುತ್ತಾ ಕೂತ. ಕೀ, ಕೇ, ಕೋ ಮೂರರ ಕೊನೆಯಲ್ಲೂ ಇರುವ ದೀರ್ಘದ ಗುರುತು ಒಂದೇ ಅನ್ನುವುದೂ ಅವನಿಗೆ ಹೊಸ ಸುದ್ದಿ. ಬೆಳೆ, ಬೇಳೆ ತೊಂದರೆ ಹೋದದ್ದು ಅಲ್ಲಿ. ಇಲ್ಲಿನ ಮಕ್ಕಳಿಗೆ ಇದು ಜಾಸ್ತಿ ಬೇಕು, ಯಾಕೆಂದರೆ ಮರಾಠಿಯಲ್ಲೂ ಹಿಂದಿಯಲ್ಲೂ ಎ, ಏ ಅಂತ ಎರಡು ಅಕ್ಷರ ಇಲ್ಲ. ಒ, ಓ ಕೂಡ ಇಲ್ಲ. ಒಂದು ಪೀರಿಯಡ್ಡಿನಲ್ಲಿ ಕಲಿತದ್ದನ್ನು ಮುಂದಿನ ಪೀರಿಯಡ್ಡು ಅಳಿಸಿಹಾಕುತ್ತದೆ.

ಏಳು ತಿಂಗಳಾಯಿತು. ವಾರಕ್ಕೆ ನಾಲ್ಕು ದಿನ, ದಿನಕ್ಕೆ 40 ನಿಮಿಷ. ಜಾದೂ ಏನೂ ಆಗಿಲ್ಲ. ಮೂರನೇ ಕ್ಲಾಸಿನ ಪಾಠವನ್ನು ನಿಧಾನವಾಗಿ, ಬೆರಳಿಟ್ಟುಕೊಂಡು ಓದುತ್ತಾನೆ. ಯ ಒತ್ತು ರ ಒತ್ತು ಇನ್ನೂ ಕೈಕೊಡುತ್ತವೆ. ಬರೆದರೆ ತಪ್ಪು ಬೇಕಾದಷ್ಟು. ಈಗ ಅವನು ಆರನೇ ಕ್ಲಾಸು, ಅಂದರೆ ಇನ್ನೂ ದೂರ ಇದೆ. ಆದರೆ ಬಹುಮಾನದ ಪುಸ್ತಕದಲ್ಲಿ ನಾಲ್ಕನೇ ಪುಟಕ್ಕೆ ಬಂದಿದ್ದಾನೆ.

ಎಲ್ಲ ಮಕ್ಕಳದ್ದೂ ಒಂದೇ ಕಥೆ ಅಲ್ಲ. ನನ್ನ ಹತ್ತಿರ ಬರುವ ಆರು ಮಕ್ಕಳಲ್ಲಿ ಒಬ್ಬಳಿಗೆ ಬೇಕಿದ್ದದ್ದು ಕನ್ನಡಕ, ಅಷ್ಟೇ. ಇನ್ನೊಬ್ಬನಿಗೆ ಇಷ್ಟು ಮಾಡಿದರೂ ನಿನ್ನೆ ಕಲಿತದ್ದು ಇವತ್ತು ಇರುವುದಿಲ್ಲ. ಅವನಿಗೆ ಸರಿಯಾದ ತಪಾಸಣೆ ಆಗಬೇಕು. ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಡಕುಗಳನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ತನ್ನ ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿದೆ. ಈ ತೊಡಕು ಗುರುತಿಸಲು ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರದವರು ತಯಾರಿಸಿದ ಡಾಲಿ ಅನ್ನುವ ಪರೀಕ್ಷೆ ಕನ್ನಡದಲ್ಲೂ ಇದೆ, ಮರಾಠಿಯಲ್ಲೂ ಇದೆ. ಇಂಗ್ಲಿಷ್ ಶಾಲೆಯ ಪೋಷಕರಿಗೆ ಇವೆಲ್ಲ ಬಾಯಿಪಾಠ. ಕಟ್ಟಡದ ಹತ್ತನೇ ಮಹಡಿಯಲ್ಲಿ ಇಟ್ಟಿಗೆ ಹೊರುವ ತಾಯಿಗೆ ಶಾಲೆ ಹೇಳದಿದ್ದರೆ ಇನ್ಯಾರು ಹೇಳಬೇಕು?

ದಯವಿಟ್ಟು ಇದನ್ನು ಟೀಚರುಗಳ ಮೇಲಿನ ದೂರು ಅಂತ ತಿಳಿಯಬೇಡಿ. ಎರಡು ಕ್ಲಾಸನ್ನು ಒಂದೇ ಕೋಣೆಯಲ್ಲಿ ಕೂರಿಸಿ ಕಲಿಸುತ್ತಾರೆ, ನಡುವೆ ಚುನಾವಣೆ ಡ್ಯೂಟಿ, ಫಾರಂ ತುಂಬುವುದು. ಅವರಲ್ಲೊಬ್ಬರು ನಮ್ಮ ಮನೆಗೆ ಬಂದು ಎರಡು ಸಂಜೆ ಸುಮ್ನೆ ಕೂತು ನೋಡಿದರು. ಹೋಗುವಾಗ, "ಡಿಎಡ್‌ನಲ್ಲಿ ಇದನ್ನು ನಮಗೆ ಯಾರೂ ತೋರಿಸಲೇ ಇಲ್ಲ ಮಾರಾಯ್ತಿ" ಅಂದರು. ಬರದವರಿಗೆ ಹತ್ತು ಸಲ ಬರೆಸು ಅನ್ನುವುದು ಬಿಟ್ಟು ಬೇರೆ ದಾರಿ ಅವರಿಗೂ ಯಾರೂ ಕೊಟ್ಟಿಲ್ಲ.

ಈಗ ದುಡ್ಡಿನ ಮಾತು. ಅಮೃತ ಮಹೋತ್ಸವದ ನಿಧಿಯಲ್ಲಿ ಮೂರು ಸ್ಮಾರ್ಟ್ ಬೋರ್ಡ್ ತರುತ್ತೀರಿ ಅಂತ ಕೇಳಿದೆ. ತನ್ನಿ. ಎರಡು ಸಾಲದಾ? ಮೂರನೆಯದರ ದುಡ್ಡಿನಲ್ಲಿ ಇಬ್ಬರು ಟೀಚರುಗಳಿಗೆ ತರಬೇತಿ ಕೊಡಿಸಿ, ಮಗು ಕಲಿತ ಅಕ್ಷರಗಳಷ್ಟೇ ಇರುವ ಸಣ್ಣ ಸಣ್ಣ ಕಥೆ ಪುಸ್ತಕ ಮಾಡಿಸಿ. ಅಂಥ ಹದಿನಾಲ್ಕು ಪುಸ್ತಕ ನಾನು ಕೈಯಲ್ಲೇ ಬರೆದಿಟ್ಟಿದ್ದೇನೆ. ಚಿತ್ರ ಚೆನ್ನಾಗಿಲ್ಲ, ನನ್ನ ಆನೆ ಹಂದಿಯ ಹಾಗಿದೆ. ಜೆರಾಕ್ಸ್ ಮಾಡಿಸಿಕೊಳ್ಳಿ, ನನಗೆ ಒಂದು ಪೈಸೆ ಬೇಡ.

ಅದಕ್ಕಿಂತ ಮೊದಲು ಒಂದು ಕೆಲಸ ಈ ತಿಂಗಳೇ ಆಗಬೇಕು, ಅದಕ್ಕೆ ದುಡ್ಡೂ ಬೇಡ. ಎರಡರಿಂದ ಏಳನೇ ಕ್ಲಾಸಿನ ತನಕ ಶಾಲೆಯಲ್ಲಿ 112 ಮಕ್ಕಳಿದ್ದಾರೆ. ಒಬ್ಬೊಬ್ಬರನ್ನೇ ಕರೆದು ಮೂರು ನಿಮಿಷ ಓದಿಸಿ ಕೇಳಿ. ನಾಲ್ವರು ಟೀಚರು ಹಂಚಿಕೊಂಡರೆ ತಲಾ ಒಂದೂವರೆ ಗಂಟೆಯೂ ಬೇಡ. ಅಕ್ಷರ, ಪದ, ಸಣ್ಣ ಪ್ಯಾರಾ, ಕಥೆ, ಹೀಗೆ ನಾಲ್ಕು ಮೆಟ್ಟಿಲು ಸಾಕು. ಇದೇ ಮುಂಬಯಿಯ ಕೊಳೆಗೇರಿಗಳಲ್ಲಿ 1990ರ ದಶಕದಲ್ಲಿ ಶುರುವಾದ ಪ್ರಥಮ್ ಸಂಸ್ಥೆ ದೇಶ ಪೂರ್ತಿ ಮಕ್ಕಳ ಓದನ್ನು ಅಳೆಯುವುದು ಇಂಥದ್ದೇ ಒಂದು ಹಾಳೆಯಿಂದ. ಅವರ 2024ರ ಅಸರ್ ವರದಿಯ ಪ್ರಕಾರ ಹಳ್ಳಿಗಳ ಸರ್ಕಾರಿ ಶಾಲೆಯ ಮೂರನೇ ಕ್ಲಾಸಿನಲ್ಲಿ ಎರಡನೇ ಕ್ಲಾಸಿನ ಪಾಠ ಓದಬಲ್ಲವರು ಶೇ. 23.4 ಮಾತ್ರ. ಹಾಗಾಗಿ ನಮ್ಮ ಶಾಲೆಯೊಂದೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಮ್ಮಲ್ಲಿ ಎಷ್ಟು ಅಂತ ನಮಗೇ ಗೊತ್ತಿಲ್ಲ, ಅದು ನನ್ನ ದೂರು. ಗೊತ್ತಾದ ಮೇಲೆ ದಿನಕ್ಕೊಂದು ಗಂಟೆ ಕ್ಲಾಸು ಮರೆತು, ಯಾರು ಯಾವ ಮೆಟ್ಟಿಲಲ್ಲಿದ್ದಾರೋ ಆ ಗುಂಪಿನಲ್ಲಿ ಕೂರಿಸಿ. ಆರನೇ ಕ್ಲಾಸಿನವನು ಎರಡನೇ ಕ್ಲಾಸಿನವನ ಪಕ್ಕ ಕೂತರೆ ನಾಚಿಕೆ ಆಗುತ್ತದೆ ನಿಜ, ಅದಕ್ಕೆ ದೊಡ್ಡವರ ಗುಂಪು ಬೇರೆ ಮಾಡಬಹುದು. ಮಂಗಳವಾರ, ಗುರುವಾರ ಮಧ್ಯಾಹ್ನ ನಾನು ಬರುತ್ತೇನೆ.

ಮತ್ತೆ, ತಲೆಗೆ ಹತ್ತುವುದಿಲ್ಲ ಅನ್ನುವ ಮಾತು ಯಾವ ತಾಯಿಗೂ ಹೇಳಬಾರದು ಅಂತ ಸಮಿತಿಯಿಂದಲೇ ಲಿಖಿತವಾಗಿ ಹೋಗಬೇಕು. ಟಿಸಿ ತೆಗೆದುಕೊಳ್ಳಿ ಅನ್ನುವ ಸಲಹೆಯೂ ನಿಲ್ಲಬೇಕು. ಇದರಲ್ಲಿ ಚೌಕಾಸಿ ಇಲ್ಲ.

ಜುಲೈ ಎರಡನೇ ಭಾನುವಾರ ಸಮಿತಿಯ ಸಭೆ ಇದೆಯಲ್ಲ, ಅದರಲ್ಲಿ ಹತ್ತು ನಿಮಿಷ ಕೊಡಿ. ಹುಡುಗನ ಆ ಕನ್ನಡ ಪಟ್ಟಿಯನ್ನೂ ನನ್ನ ಹದಿನಾಲ್ಕು ಪುಸ್ತಕಗಳನ್ನೂ ತರುತ್ತೇನೆ. ಅವನ ತಾಯಿಯೂ ಬರುತ್ತೇನೆ ಅಂದಿದ್ದಾರೆ. ಭಾನುವಾರವೂ ಅವರಿಗೆ ಕೆಲಸ ಇರುತ್ತದೆ, ಅರ್ಧ ದಿನದ ಕೂಲಿ ಹೋಗುತ್ತದೆ. ಹಾಗಾಗಿ ನಮ್ಮ ಸರದಿಯನ್ನು ದಯವಿಟ್ಟು ಲೆಕ್ಕಪತ್ರ, ವಂದನಾರ್ಪಣೆ ಎಲ್ಲ ಮುಗಿದ ಮೇಲೆ ಇಡಬೇಡಿ, ಮೊದಲೇ ಇಡಿ.

ಇಂತಿ,
ಶಾಲೆಯ ಹಳೆಯ ವಿದ್ಯಾರ್ಥಿನಿ